ಹುಪೊಮೊನೆ: ಹೊರೆಯಡಿ ನಿಲ್ಲುವವರ ತಾಳ್ಮೆ



ಕೆಲವು ವರ್ಷಗಳ ಹಿಂದೆ ಕುರಕುಂಟಾ ಕಡೆಯ ಒಬ್ಬ ತಾಯಿ ನನ್ನಲ್ಲಿಗೆ ಬಂದು ಕಣ್ಣೀರಿಟ್ಟರು. ಗಂಡನ ಕುಡಿತ, ಹೊಡೆತ. ದುಡಿದ ಕೂಲಿ ಮನೆ ಸೇರದು. ಮಕ್ಕಳಿಬ್ಬರೂ ಶಾಲೆ ಬಿಡುವ ಸ್ಥಿತಿ. ಎಲ್ಲವನ್ನೂ ಕೇಳಿ, "ತಾಳ್ಮೆಯಿಂದಿರು ತಾಯಿ, ದೇವರು ದಾರಿ ತೋರುತ್ತಾರೆ" ಎಂದು ಹೇಳಿ ಕಳುಹಿಸಿದೆ. ಮೂರು ತಿಂಗಳ ತರುವಾಯ ಅವರು ಮತ್ತೆ ಬಂದಾಗ ಬಲಗೈಗೆ ಪಟ್ಟಿ ಕಟ್ಟಿತ್ತು. "ಫಾದರ್, ತಾಳಕೊ ಅಂದ್ರಿ. ಎಲ್ಲೀ ತನಕ ಅಂತ ಹೇಳಲಿಲ್ರಿ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ, ಗುರುಮಠದ ದಿನಗಳಲ್ಲಿ ಓದುತ್ತಿದ್ದ ಗ್ರೀಕ್ ಹೊಸ ಒಡಂಬಡಿಕೆಯನ್ನು ಮತ್ತೆ ತೆರೆದೆ. ನಾವು ತಾಳ್ಮೆ, ಸೈರಣೆ ಎಂದು ಓದುವ ಅನೇಕ ಕಡೆಗಳಲ್ಲಿ ಮೂಲದಲ್ಲಿರುವ ಪದ 'ಹುಪೊಮೊನೆ'. 'ಹುಪೊ' ಎಂದರೆ ಕೆಳಗೆ. 'ಮೆನೊ' ಎಂದರೆ ಉಳಿ, ನೆಲೆಸು. ಕೊಂಬೆಯು ದ್ರಾಕ್ಷಿಬಳ್ಳಿಯಲ್ಲಿ ನೆಲೆಸಿರಬೇಕೆಂದು ಪ್ರಭುವು ಹೇಳುವಾಗ ಸಂತ ಯೊವಾನ್ನರು ಬಳಸುವುದೂ ಇದೇ 'ಮೆನೊ' ಎಂಬ ಕ್ರಿಯಾಪದವನ್ನು. ಹೀಗೆ ಹೊರೆಯ ಕೆಳಗಿದ್ದೂ ನೆಲೆ ತಪ್ಪದಿರುವುದೇ ಹುಪೊಮೊನೆ.

ಸೇಡಂ ಸೀಮೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ತೊಗರಿಯ ಚೀಲ ಹೊರುವ ಹಮಾಲನನ್ನು ನೋಡಿ. ಹೊರೆಯಡಿ ಕುಸಿದವನು ಹೊತ್ತವನಲ್ಲ. ಅದರಡಿ ಎದ್ದು ನಿಂತು ನಡೆದವನೇ ಹೊತ್ತವನು. ಆ ಚೀಲ ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಗೊತ್ತು. ಅಲ್ಲಿ ಅದನ್ನು ಇಳಿಸುತ್ತಾನೆ. ಗುರಿಯಿಲ್ಲದೆ ಹೊರುವುದು ತಾಳ್ಮೆಯಲ್ಲ, ದಣಿವು.

ಗ್ರೀಕ್ ತತ್ತ್ವಜ್ಞಾನಿಗಳಲ್ಲಿ ಸ್ಟೊಯಿಕರು ದುಃಖಕ್ಕೆ ಕದಲದ ಮನಸ್ಸನ್ನು ಆದರ್ಶವೆಂದರು. ಪವಿತ್ರ ಗ್ರಂಥದ ತಾಳ್ಮೆ ಅಂಥದಲ್ಲ; ಅದು ಅಳುತ್ತದೆ, ಆದರೂ ಕಾಯುತ್ತದೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಎಪ್ಪತ್ತೊಂದನೆಯ ಕೀರ್ತನೆಯ ಭಕ್ತನು ದೇವರನ್ನೇ ತನ್ನ ಹುಪೊಮೊನೆ ಎಂದು ಕರೆಯುತ್ತಾನೆ. ಅಲ್ಲಿ ಆ ಪದಕ್ಕೆ ನಿರೀಕ್ಷೆ ಎಂಬ ಅರ್ಥ. ಸಂತ ಪೌಲರೂ ರೋಮನರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪರಿಪಕ್ವತೆ, ಅದರಿಂದ ನಿರೀಕ್ಷೆ ಎಂಬ ಸರಣಿಯನ್ನು ತೋರಿಸುತ್ತಾರೆ.

ಸಂತ ಲೂಕರ ಶುಭಸಂದೇಶದ ಬಿತ್ತುವವನ ಸಾಮತಿಯಲ್ಲಿ ಒಳ್ಳೆಯ ನೆಲವು ಫಲ ಕೊಡುವುದೂ ಹುಪೊಮೊನೆಯಿಂದಲೇ. ನಮ್ಮ ಕರಿಮಣ್ಣಿನ ಹೊಲದಲ್ಲಿ ಮುಂಗಾರಿಗೆ ತೊಗರಿಯ ಜೊತೆ ಬಿತ್ತಿದ ಹೆಸರು ಬೇಗನೆ ಕೈಗೆ ಬರುತ್ತದೆ. ತೊಗರಿಯು ಮಳೆ ನಿಂತ ಮೇಲೂ ಬೇರನ್ನು ಆಳಕ್ಕೆ ಇಳಿಸಿ, ಚಳಿಗಾಲದವರೆಗೆ ನಿಂತು ಕಾಯಿ ತುಂಬುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಹಿಂದೆ ಇಂಥ ಕಾಯುವಿಕೆಯಿದೆ. ತೊಗರಿ ಸುಮ್ಮನೆ ನಿಂತಂತೆ ಕಂಡರೂ ಅದರ ಬೇರು ಸುಮ್ಮನಿರುವುದಿಲ್ಲ.

ಕುರಕುಂಟಾದ ಸರ್ಕಾರಿ ಸಿಮೆಂಟ್ ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದಿವೆ. ಕೆಲಸ ಅರಸಿ ಹೈದರಾಬಾದ್, ಪುಣೆಗಳಿಗೆ ಹೋದವರಿದ್ದಾರೆ. ವೃದ್ಧ ತಂದೆತಾಯಿಯರಿಗಾಗಿ ಇಲ್ಲಿಯೇ ಉಳಿದವರೂ ಇದ್ದಾರೆ. ಉಳಿದವರು ಸೋತವರೆಂದು ಯಾರೂ ಎಣಿಸಬಾರದು. ಬಾಲಯೇಸು ಜೆರುಸಲೇಮಿನಲ್ಲಿ ಹಿಂದುಳಿದರೆಂದು ಹೇಳುವಾಗಲೂ ಸಂತ ಲೂಕರು ಬಳಸಿರುವುದು ಇದೇ ಪದದ ಕ್ರಿಯಾರೂಪವನ್ನು. ತಂದೆಯ ಕಾರ್ಯಕ್ಕಾಗಿ ಉಳಿಯುವುದೂ ಹುಪೊಮೊನೆಯೇ.

ಹಾಗಾದರೆ ಆ ತಾಯಿಯ ಪ್ರಶ್ನೆ? ಸಂತ ಯಕೋಬರು ಯೋಬನ ಹುಪೊಮೊನೆಯನ್ನು ಹೊಗಳುತ್ತಾರೆ. ಆದರೆ ಯೋಬನು ಬಾಯಿ ಮುಚ್ಚಿ ಕುಳಿತವನಲ್ಲ. ದೇವರ ಮುಂದೆಯೇ ತನ್ನ ನ್ಯಾಯವನ್ನು ವಾದಿಸಿದವನು. ಪ್ರಭು ಯೇಸು ಶಿಲುಬೆಯನ್ನು ಸಹಿಸಿಕೊಂಡರೆಂದು ಹಿಬ್ರಿಯರಿಗೆ ಬರೆದ ಪತ್ರವು ಇದೇ ಪದದಿಂದ ಹೇಳುತ್ತದೆ. ಅದೇ ಪ್ರಭುವು, ಅನ್ನನ ಎದುರು ಕಾವಲುಗಾರನೊಬ್ಬನು ಕೆನ್ನೆಗೆ ಹೊಡೆದಾಗ, ತನ್ನನ್ನು ಹೊಡೆದದ್ದು ಏಕೆಂದು ಕೇಳಿದರು. ಅನ್ಯಾಯವನ್ನು ಅನ್ಯಾಯವೆಂದು ಹೇಳುವುದು ತಾಳ್ಮೆಗೆ ವಿರುದ್ಧವಲ್ಲ. ಗಂಡನ ಹೊಡೆತವು ದೇವರು ಹೊರಿಸಿದ ಹೊರೆಯಲ್ಲ, ಅದು ಗಂಡನ ಪಾಪ. ಆ ವ್ಯತ್ಯಾಸವನ್ನು ನಾನು ಅಂದು ಹೇಳದೆ ಹೋದೆ.

ಮರುದಿನವೇ ನಾವು ಕೆಲವರು ಆ ಮನೆಗೆ ಹೋದೆವು. ಆ ತಾಯಿ ಮಕ್ಕಳೊಂದಿಗೆ ಅಣ್ಣನ ಮನೆಯಲ್ಲಿ ಕೆಲಕಾಲ ನೆಲೆಸಿದರು. ಗಂಡನನ್ನು ಕುಡಿತ ಬಿಡಿಸುವ ಚಿಕಿತ್ಸೆಗೆ ಒಪ್ಪಿಸಲಾಯಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯನ್ನೂ, 181 ಎಂಬ ಸಹಾಯವಾಣಿಯನ್ನೂ ಅವರಿಗೆ ತಿಳಿಸಿದೆವು. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಆತ ಎರಡು ಬಾರಿ ಜಾರಿಬಿದ್ದಿದ್ದಾನೆ. ಆದರೆ ಮಕ್ಕಳು ಶಾಲೆ ಬಿಡಲಿಲ್ಲ. ಆಕೆ ಈಗಲೂ ಗಂಡನಿಗಾಗಿ ಪ್ರಾರ್ಥಿಸುತ್ತಾರೆ, ಹೊಡೆತಕ್ಕೆ ಮಾತ್ರ ಮೈಯೊಡ್ಡುವುದಿಲ್ಲ. ಹುಪೊಮೊನೆಯ ಅರ್ಥವನ್ನು ನಾನು ಕಲಿತದ್ದು ನಿಘಂಟಿಗಿಂತ ಹೆಚ್ಚಾಗಿ ಅವರಿಂದ.

ಹಮಾಲನ ಬೆನ್ನಿಗೆ ಚೀಲವನ್ನು ಬೇರೆಯವರು ಎತ್ತಿ ಕೊಡಬೇಕಾಗುತ್ತದೆ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಬೇಕೆಂದು ಸಂತ ಪೌಲರು ಗಲಾತ್ಯರಿಗೆ ಬರೆದದ್ದು ಇದಕ್ಕಾಗಿಯೇ. ನೊಂದವರಿಗೆ "ತಾಳ್ಮೆಯಿಂದಿರಿ" ಎನ್ನುವ ಮೊದಲು, ಅವರ ಹೊರೆಗೆ ನಾನು ಕೈ ಕೊಟ್ಟಿದ್ದೇನೆಯೇ ಎಂದು ನಾವು ಪ್ರತಿಯೊಬ್ಬರೂ ಕೇಳಿಕೊಳ್ಳೋಣ.