ಗರ್ಭಕಂಠದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ತೊಂದರೆಗಳು: ದಂಪತಿಗಳು ತಿಳಿಯಬೇಕಾದ ಸಂಗತಿಗಳು

ಗರ್ಭಕಂಠದ ಕ್ಯಾನ್ಸರನ್ನು ಆರಂಭದ ಹಂತದಲ್ಲಿಯೇ ಗುರುತಿಸಿದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಗುಣಪಡಿಸಲು ಸಾಧ್ಯವಿದೆ. ಆದರೆ ಆಸ್ಪತ್ರೆಯಿಂದ ಮನೆಗೆ ಮರಳಿದ ಅನೇಕ ಸ್ತ್ರೀಯರಿಗೆ ಹೊಸದೊಂದು ಕಷ್ಟ ಎದುರಾಗುತ್ತದೆ. ಮೂತ್ರ ತುಂಬಿದುದು ತಿಳಿಯುವುದಿಲ್ಲ. ಕುಳಿತರೆ ಸಲೀಸಾಗಿ ಹೋಗುವುದಿಲ್ಲ. ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆಯಾಗುತ್ತದೆ. ಇದನ್ನು ಗಂಡನೊಡನೆ ಹೇಳಿಕೊಳ್ಳಲೂ ಹೆಂಗಸರು ಸಂಕೋಚಪಡುತ್ತಾರೆ. ಆದುದರಿಂದ ಈ ಲೇಖನವನ್ನು ಪತಿಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಓದಬೇಕೆಂದು ಕೋರುತ್ತೇನೆ. ಒಬ್ಬರಿಗೆ ಓದು ಬಾರದಿದ್ದರೆ ಮತ್ತೊಬ್ಬರು ಓದಿ ಹೇಳಿರಿ.

ಈ ತೊಂದರೆ ಏಕೆ ಉಂಟಾಗುತ್ತದೆ? ಮೂತ್ರಕೋಶವು ಗರ್ಭಕೋಶದ ಮುಂಭಾಗಕ್ಕೆ ತಾಗಿಕೊಂಡಿರುವ, ಸ್ನಾಯುವಿನಿಂದಾದ ಒಂದು ಚೀಲ. ಅದರಲ್ಲಿ ಸುಮಾರು ಅರ್ಧ ಲೀಟರಿನಷ್ಟು ಮೂತ್ರ ಹಿಡಿಯುತ್ತದೆ. ಚೀಲ ತುಂಬಿತೆಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದೂ, ಚೀಲವನ್ನು ಹಿಂಡಿ ಮೂತ್ರವನ್ನು ಹೊರಕ್ಕೆ ಕಳುಹಿಸುವುದೂ ಸೂಕ್ಷ್ಮ ನರಗಳ ಕೆಲಸ. ಈ ನರಗಳು ಗರ್ಭಕಂಠದ ಎರಡು ಪಕ್ಕಗಳಲ್ಲಿ ಹಾದುಹೋಗುತ್ತವೆ. ಕ್ಯಾನ್ಸರ್ ಇದ್ದಾಗ ಗರ್ಭಕೋಶದ ಜೊತೆಗೆ ಅದರ ಸುತ್ತಲಿನ ಅಂಗಾಂಶವನ್ನೂ ಯೋನಿಯ ಮೇಲ್ತುದಿಯನ್ನೂ ತೆಗೆಯಬೇಕಾಗುವುದರಿಂದ ನರಗಳಿಗೆ ಪೆಟ್ಟು ಬೀಳುತ್ತದೆ. "ಪಕ್ಕದ ಮನೆಯಾಕೆಗೂ ಗರ್ಭಕೋಶ ತೆಗೆದರು, ಆಕೆಗೆ ಹೀಗೇನೂ ಆಗಲಿಲ್ಲವಲ್ಲ" ಎಂದು ಹೋಲಿಸಿ ನೋಡುವುದು ತಪ್ಪು. ಅವೆರಡೂ ಬೇರೆ ಬೇರೆ ಶಸ್ತ್ರಚಿಕಿತ್ಸೆಗಳು. ಗೆಡ್ಡೆ 2 ಸೆಂಟಿಮೀಟರನ್ನು ಮೀರದೆ, ಆಳಕ್ಕೆ ಇಳಿಯದೆ ಇರುವವರಿಗೆ ಸರಳ ವಿಧಾನವೇ ಸಾಕಾಗಬಹುದೆಂದೂ, ಅದರಲ್ಲಿ ಮೂತ್ರದ ತೊಂದರೆಗಳು ಕಡಿಮೆಯೆಂದೂ 700 ಸ್ತ್ರೀಯರು ಭಾಗವಹಿಸಿದ್ದ, 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಆದರೆ ಯಾರಿಗೆ ಯಾವುದು ತಕ್ಕುದೆಂಬುದನ್ನು ತಜ್ಞರೇ ನಿರ್ಧರಿಸಬೇಕು.

ಶಸ್ತ್ರಚಿಕಿತ್ಸೆಯಾದ ಕೂಡಲೇ ಮೂತ್ರ ಹೋಗಲು ನಳಿಕೆ ಹಾಕಿರುತ್ತಾರೆ. ಕೆಲವರಿಗೆ ಅದನ್ನು ಕೆಲವೇ ದಿನಗಳಲ್ಲಿ ತೆಗೆಯಬಹುದು; ಕೆಲವರು ನಳಿಕೆಯೊಡನೆಯೇ ಮನೆಗೆ ಬರುತ್ತಾರೆ. ಚೀಲವನ್ನು ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಿಸಬೇಕು, ನೆಲಕ್ಕೆ ತಾಗಿಸಬಾರದು. ಬೇಸರವಾಯಿತೆಂದು ಅದನ್ನು ತಾವಾಗಿಯೇ ಎಳೆದು ತೆಗೆಯಕೂಡದು. ನಳಿಕೆ ತೆಗೆದ ಮೇಲೆ, ಮೂತ್ರ ಮಾಡಿದ ನಂತರವೂ ಒಳಗೆ ಎಷ್ಟು ಉಳಿದಿದೆಯೆಂದು ವೈದ್ಯರು ಅಳೆದು ನೋಡುತ್ತಾರೆ.

ಮನೆಯಲ್ಲಿ ಮುಖ್ಯವಾಗಿ ನೆನಪಿಡಬೇಕಾದುದು ಇದು: ಮೂತ್ರ ಬಂದಂತಾಗುವವರೆಗೆ ಕಾಯಬಾರದು. ಸುದ್ದಿ ತರುವ ನರವೇ ಸೋತಿರುವಾಗ ಸುದ್ದಿ ಬರುವುದಾದರೂ ಹೇಗೆ? ಹಗಲಿನಲ್ಲಿ 2-3 ಗಂಟೆಗೊಮ್ಮೆ ಗಡಿಯಾರ ನೋಡಿ ಹೋಗಬೇಕು. ಮುಂದಕ್ಕೆ ಬಾಗಿ ನಿಧಾನವಾಗಿ ಕುಳಿತು, ಒಮ್ಮೆ ಆದ ಮೇಲೆ ಎದ್ದು, ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಬೇಕು. ಚೀಲ ಅತಿಯಾಗಿ ಹಿಗ್ಗಿದರೆ ಸ್ನಾಯು ಮತ್ತಷ್ಟು ಸೋಲುತ್ತದೆ. ಉಳಿದ ಮೂತ್ರದಲ್ಲಿ ರೋಗಾಣುಗಳು ಬೆಳೆದು ಮೂತ್ರಪಿಂಡಗಳವರೆಗೂ ಏರಬಹುದು. ಬಯಲಿಗೆ ಹೋಗುವ ಮನೆಗಳಲ್ಲಿ ಹೆಂಗಸರು ಕತ್ತಲಾಗಲೆಂದು ದಿನವಿಡೀ ತಡೆದುಕೊಳ್ಳುತ್ತಾರೆ. ಈ ಶಸ್ತ್ರಚಿಕಿತ್ಸೆಯಾದವರಿಗೆ ಆ ಅಭ್ಯಾಸ ಬಹಳ ಅಪಾಯಕರ. ಮನೆಯ ಯಜಮಾನರೇ, ಪತ್ನಿಯ ಚಿಕಿತ್ಸೆಗೆ ಅಷ್ಟು ಹಣ, ಅಷ್ಟು ಓಡಾಟ ಮಾಡಿದ್ದೀರಿ. ಶೌಚಾಲಯವೂ ಆ ಚಿಕಿತ್ಸೆಯ ಒಂದು ಭಾಗವೆಂದೇ ತಿಳಿಯಿರಿ.

ಒದ್ದೆಯಾದೀತೆಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ. ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿದು, ಮಲಗುವ ಮುನ್ನ ಕಡಿಮೆ ಮಾಡಿದರೆ ಸಾಕು. ಕಾಫಿ, ಟೀ ಮಿತವಾಗಿರಲಿ. ಕೆಮ್ಮಿದಾಗ ಸೋರುವವರಿಗೆ ಯೋನಿಯ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮದಿಂದ ಪ್ರಯೋಜನವಾಗುತ್ತದೆ. ಅದನ್ನು ವೈದ್ಯರಿಂದ ಅಥವಾ ದಾದಿಯರಿಂದ ಕಲಿತು, ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಮೂತ್ರ ಮಾಡುತ್ತಿರುವಾಗ ಮಾತ್ರ ಈ ವ್ಯಾಯಾಮ ಬೇಡ.

ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಸುಧಾರಣೆ ಕಾಣುತ್ತದೆ. ಪೂರ್ತಿ ಸರಿಹೋಗದವರಿಗೂ ದಾರಿಯಿದೆ: ಕೈಗಳನ್ನು ಸೋಪಿನಿಂದ ತೊಳೆದು, ಸಣ್ಣ ನಳಿಕೆಯೊಂದನ್ನು ತಾವೇ ಹಾಕಿ ಮೂತ್ರ ತೆಗೆದು, ಕೂಡಲೇ ನಳಿಕೆಯನ್ನು ಹೊರತೆಗೆಯುವುದು. 1972ರಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಲಾಪಿಡೀಸ್ ಪ್ರಕಟಿಸಿದ ಈ ವಿಧಾನ ಕೇಳಲು ಭಯವೆನಿಸುತ್ತದೆ. ಕಲಿತ ಮೇಲೆ ಹೊಲಕ್ಕೂ ಮದುವೆಗೂ ನಿಶ್ಚಿಂತೆಯಿಂದ ಹೋಗಿಬರಬಹುದು.

ಇನ್ನು ದಾಂಪತ್ಯದ ವಿಷಯ. ಕ್ಯಾನ್ಸರ್ ಅಂಟುರೋಗವಲ್ಲ, ಕೂಡುವುದರಿಂದ ಅದು ಗಂಡನಿಗೆ ತಗಲುವುದಿಲ್ಲ, ಹೆಂಡತಿಗೆ ಮರಳುವುದೂ ಇಲ್ಲ. ಗಾಯ ಮಾಯಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ ಕೂಡಬಹುದು. ಯೋನಿ ಗಿಡ್ಡವಾಗಿರುವುದರಿಂದಲೂ ಒಣಗಿರುವುದರಿಂದಲೂ ನೋವಾಗಬಹುದು. ಅದಕ್ಕೆ ಲೇಪಗಳಿವೆ, ಕೇಳಿರಿ. ಮೊದಲೇ ಮೂತ್ರ ಮಾಡಿಬಂದರೆ ಸೋರುವ ಅಂಜಿಕೆ ತಗ್ಗುತ್ತದೆ. ಹೆಂಡತಿ ದೂರ ಮಲಗಿದರೆ ಅದನ್ನು ಅನಾದರವೆಂದು ಪತಿಯು ಭಾವಿಸಬಾರದು. ಅನೇಕ ವೇಳೆ ವಾಸನೆಯ ನಾಚಿಕೆಯೇ ಅದಕ್ಕೆ ಕಾರಣ. ಮೊದಲ ಎರಡು ತಿಂಗಳು ನೀರಿನ ಕೊಡ ಹೊರುವ ಕೆಲಸವನ್ನು ನೀವೇ ವಹಿಸಿಕೊಳ್ಳಿರಿ.

ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು, ಉರಿಮೂತ್ರ, ಮೂತ್ರದಲ್ಲಿ ರಕ್ತ, ಅಥವಾ ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು ಕಂಡರೆ ಅಂದೇ ಆಸ್ಪತ್ರೆಗೆ ಬನ್ನಿರಿ. ಹಗಲುರಾತ್ರಿ ಎಡೆಬಿಡದೆ ಯೋನಿಯಿಂದ ಮೂತ್ರ ಹನಿಯುತ್ತಿದ್ದರೆ ಒಳಗೆ ರಂಧ್ರವಾಗಿರಬಹುದು. ಅದು ಯಾರ ಶಾಪವೂ ಅಲ್ಲ, ಸರಿಪಡಿಸಬಹುದಾದ ತೊಂದರೆ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇಂತಹ ತೊಂದರೆಗಳು ವರ್ಷಗಳ ನಂತರವೂ ತಲೆದೋರಬಹುದು. ಬರುವಾಗ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿಯನ್ನು ತನ್ನಿರಿ. ತುರ್ತಿಲ್ಲದಿದ್ದರೆ, ಎರಡು ದಿನ ಯಾವ ಹೊತ್ತಿಗೆ ಎಷ್ಟು ಮೂತ್ರ ಹೋಯಿತೆಂಬುದನ್ನು ಹಳೆಯ ಅಳತೆಯ ಲೋಟವೊಂದರಲ್ಲಿ ಅಳೆದು ಬರೆದು ತಂದರೆ ವೈದ್ಯರಿಗೆ ಬಹಳ ಸಹಾಯವಾಗುತ್ತದೆ.