ನಡುವಯಸ್ಸಿನ ನಡು

ಸಂಜೆ ನಾಲ್ಕು ಗಂಟೆಗೆ ತಿರುವನಂತಪುರದ ಸೆಕ್ರೆಟೇರಿಯೆಟ್ ಸುತ್ತಮುತ್ತ ಹೋದರೆ ಅರ್ಧ ಸರ್ಕಾರ ಚಾಯದಂಗಡಿಗಳ ಮುಂದೆ ನಿಂತಿರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಪರಿಪ್ಪುವಡೆ, ಉಳ್ಳಿವಡೆ, ಬೋಂಡ. ಪಕ್ಕದ ತಟ್ಟೆಯಲ್ಲಿ ಆಗಷ್ಟೇ ಬಾಣಲೆಯಿಂದ ಇಳಿದ ಪಳಂಪೊರಿ. ನೇಂದ್ರ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ, ಸಕ್ಕರೆ ಬೆರೆಸಿದ ಮೈದಾ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಹಳೇ ಪೇಪರಿನ ತುಂಡಿನಲ್ಲಿ ಹಿಡಿದುಕೊಂಡರೆ ಎಣ್ಣೆ ಹೀರಿ, ಹಿಂಬದಿಯ ಅಕ್ಷರ ಈಚೆಗೆ ಕಾಣುತ್ತದೆ. ಕೈಯಲ್ಲಿ ಎರಡು ಚಮಚ ಸಕ್ಕರೆಯ ಚಾಯ. ಮಲಯಾಳದಲ್ಲಿ ಈ ಜೋಡಿಗೆ ‘ಚಾಯ, ಕಡಿ’ ಎಂದೇ ಹೆಸರು. ಇದನ್ನು ಊಟದ ಲೆಕ್ಕಕ್ಕೆ ಹಿಡಿಯುವವರು ಯಾರೂ ಇಲ್ಲ. ಕಾಸರಗೋಡಿನಿಂದ ನೌಕರಿಗೆಂದು ಅಲ್ಲಿಗೆ ಹೋದ ಕನ್ನಡಿಗರೂ ಎರಡು ವರ್ಷದೊಳಗೆ ಈ ಲೆಕ್ಕದಲ್ಲಿ ಪಕ್ಕಾ ಮಲಯಾಳಿಗಳಾಗಿರುತ್ತಾರೆ. ಊರಿಗೆ ಬಂದಾಗ “ಉಣ್ಣೋದೇ ಕಡಿಮೆ ಮಾರಾಯ್ರೆ, ಆದರೂ ಹೊಟ್ಟೆ ಬರ್ತದೆ” ಅನ್ನುತ್ತಾರೆ.

ಅವರು ಸುಳ್ಳು ಹೇಳುತ್ತಿಲ್ಲ. ಹೊಟ್ಟೆ ಬಂದದ್ದು ಊಟದಿಂದ ಅಲ್ಲದಿರಬಹುದು.

ಒಬ್ಬರು 27ನೇ ವಯಸ್ಸಿನಲ್ಲಿ 62 ಕಿಲೋ ಇದ್ದವರು 42ಕ್ಕೆ 74 ಕಿಲೋ ಆದರು ಎಂದಿಟ್ಟುಕೊಳ್ಳಿ. ಹದಿನೈದು ವರ್ಷಕ್ಕೆ 12 ಕಿಲೋ, ವರ್ಷಕ್ಕೆ 800 ಗ್ರಾಂ. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂದು ಹಿಡಿದು ದಿನಗಳಿಗೆ ಹಂಚಿದರೆ, ದಿನವೊಂದಕ್ಕೆ ಹೆಚ್ಚಾಗಿ ಉಳಿದದ್ದು 17 ಕ್ಯಾಲೊರಿ ಮಾತ್ರ. ಒಂದು ಚಮಚ ಸಕ್ಕರೆಗೆ 20. ಯಾರ ಕಣ್ಣಿಗೆ ಬೀಳಬೇಕು ಇದು!

“ವಯಸ್ಸಾಯ್ತು, ಮೈ ಜಡ ಆಯ್ತು” ಎಂಬ ಸಮಾಧಾನಕ್ಕೂ ಆಧಾರ ಸಾಲದು. 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು ಅಳೆದು 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರವರೆಗೆ ಮೈಯ ಒಲೆ ಹೆಚ್ಚುಕಡಿಮೆ ಒಂದೇ ಉರಿಯಲ್ಲಿರುತ್ತದೆ. ಬದಲಾದದ್ದು ದಿನಚರಿ. ಬಸ್ಸಿಗೆ ನಡೆಯುತ್ತಿದ್ದವರು ಸ್ಕೂಟರ್ ಕೊಂಡರು. ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲೋ ಒಂಬತ್ತು ಗಂಟೆ ಕುಳಿತು, ರಾತ್ರಿ ಹತ್ತಕ್ಕೆ ಕುಳಿಮಂದಿ (ಮಾಂಸದ ಅನ್ನ) ತರಿಸಿಕೊಂಡರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದ ಹೆಂಗಸರಲ್ಲಿ ಶೇ. 38.1, ಗಂಡಸರಲ್ಲಿ ಶೇ. 36.4 ಮಂದಿಯ ತೂಕ ಮಿತಿ ಮೀರಿತ್ತು. ಕರ್ನಾಟಕದವರು ನಗಬೇಕಾಗಿಲ್ಲ, ನಮ್ಮದು ಎರಡೂ ಕಡೆ ಶೇ. 30ರ ಆಸುಪಾಸು. ಸಮೀಕ್ಷೆ ಹಿಡಿದದ್ದು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25ರ ಗೆರೆ. ಭಾರತೀಯರಿಗೆ ವೈದ್ಯರು 23ಕ್ಕೇ ಎಚ್ಚರಿಕೆ ಕೊಡುತ್ತಾರೆ: ಐದೂವರೆ ಅಡಿಗಿಂತ ಚೂರು ಕಡಿಮೆ, ಅಂದರೆ 165 ಸೆಂಟಿಮೀಟರ್ ಎತ್ತರದವರಿಗೆ 63 ಕಿಲೋ. ನಮ್ಮ ಮೈ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕೂಡಿಟ್ಟುಕೊಳ್ಳುವ ಜಾತಿಯದು. ಅದೂ ನಡುವಿನ ಸುತ್ತ.

2016ರಲ್ಲಿ ಕೇರಳ ಸರ್ಕಾರ ಬ್ರ್ಯಾಂಡಿನ ಹೋಟೆಲುಗಳ ಬರ್ಗರ್, ಪಿಜ್ಜಾಗಳ ಮೇಲೆ ಶೇ. 14.5ರ ‘ಕೊಬ್ಬಿನ ತೆರಿಗೆ’ ಹಾಕಿತ್ತು. ಮರುವರ್ಷ ಜಿಎಸ್‌ಟಿ ಬಂದು ಅದು ಮುಗಿಯಿತು. ಬೀದಿ ಬದಿಯ ಪೊರೋಟ್ಟ, ಪಳಂಪೊರಿಗಳ ಗೊಡವೆಗೆ ಅದು ಹೋಗಲೇ ಇಲ್ಲ. ನನ್ನ ಅನುಮಾನ, ಯಾವ ಸರ್ಕಾರಕ್ಕೂ ಆ ಧೈರ್ಯ ಬರಲಾರದು.

ಇನ್ನು ಇಳಿಸುವ ಮಾತು. 17 ಕ್ಯಾಲೊರಿಯಿಂದ ಬಂದದ್ದು 17 ಕ್ಯಾಲೊರಿ ಬಿಟ್ಟರೆ ಹೋಗುವುದಿಲ್ಲ. ದೊಡ್ಡದಾದ ಮೈಗೆ ದಿನದ ಖರ್ಚೂ ದೊಡ್ಡದು, ಅದಕ್ಕೆ ತಕ್ಕಂತೆ ತಿನ್ನುವುದೂ ನಿಮಗೆ ತಿಳಿಯದೆ ಏರಿರುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಅಂದಾಜು ಹೀಗಿದೆ: ದಿನಕ್ಕೆ 24 ಕ್ಯಾಲೊರಿಯನ್ನು ಕಾಯಂ ಆಗಿ ಬಿಟ್ಟರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ. ಅದರ ಅರ್ಧ ಮೊದಲ ವರ್ಷದಲ್ಲಿ, ಉಳಿದದ್ದು ಹೆಚ್ಚುಕಡಿಮೆ ಇನ್ನೆರಡು ವರ್ಷದಲ್ಲಿ. ದಿನಕ್ಕೆ 240 ಬಿಟ್ಟರೆ ಮೊದಲ ವರ್ಷದಲ್ಲಿ ಐದು ಕಿಲೋ. ಐದು ಲೋಟ ಚಾಯಕ್ಕೆ ಎರಡೆರಡು ಚಮಚ ಸಕ್ಕರೆ ಎಂದರೆ 200 ಕ್ಯಾಲೊರಿ ಅಲ್ಲೇ ಇದೆ. ‘ಮೊದಲ ವಾರಕ್ಕೇ ಮೂರು ಕಿಲೋ’ ಎಂಬ ಜಾಹೀರಾತಿನ ಗುಟ್ಟು ಬಹುಪಾಲು ನೀರು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುವಾಗ ತನ್ನ ಮೂರುಪಟ್ಟು ನೀರನ್ನೂ ಹೊರಗೆ ಕಳಿಸುತ್ತದೆ. ಎರಡು ದಿನ ಅನ್ನ ಉಂಡರೆ ಹೋದದ್ದು ವಾಪಸ್.

ಅನ್ನ ಅಂದಾಗ ಕರಾವಳಿಯ ಒಂದು ನಂಬಿಕೆ ನೆನಪಾಗುತ್ತದೆ. “ಕುಚ್ಚಲಕ್ಕಿ ಅಲ್ವಾ, ಏನಾಗೋದಿಲ್ಲ, ಇನ್ನೊಂದು ಸಟ್ಟುಗ ಹಾಕಿ.” ಕೇರಳದ ಮಟ್ಟ ಅಕ್ಕಿಯಾಗಲಿ ನಮ್ಮ ಕುಚ್ಚಲಕ್ಕಿಯಾಗಲಿ, ನಾರು ಸ್ವಲ್ಪ ಹೆಚ್ಚು, ಹಸಿವೆ ತಡೆಯುವುದೂ ಸ್ವಲ್ಪ ಹೆಚ್ಚು. ಆದರೆ ಕ್ಯಾಲೊರಿ ಬೆಳ್ತಿಗೆಯಷ್ಟೇ, 100 ಗ್ರಾಂ ಅಕ್ಕಿಗೆ ಸುಮಾರು 350. ತಟ್ಟೆಯಲ್ಲಿ ಗುಡ್ಡದ ಎತ್ತರ ಇಳಿಸಿ, ಆ ಜಾಗಕ್ಕೆ ತೋರನ್ ಅಥವಾ ಪಲ್ಯ, ಕಡಲೆ, ಹೆಸರುಕಾಳು, ತಿನ್ನುವವರಾದರೆ ಮತ್ತಿ ಮೀನಿನ ಸಾರು (ನಮ್ಮ ಬೂತಾಯಿಯೇ ಅದು, ಹುರಿದದ್ದು ಬೇಡ) ಬರಲಿ. ಪುಟ್ಟಿನ ಜೊತೆ ಬಾಳೆಹಣ್ಣು, ಸಕ್ಕರೆಯ ಬದಲು ಕಡಲೆ ಗಸಿ ಇದ್ದರೆ ಹನ್ನೊಂದು ಗಂಟೆಗೆ ಹೊಟ್ಟೆ ಕರೆಯುವುದಿಲ್ಲ. ತೆಂಗಿನೆಣ್ಣೆ ನಾಟಿಯದೇ ಇರಲಿ, ಗಾಣದ್ದೇ ಇರಲಿ, ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ.

ನಡಿಗೆಗೆ ಜಾಗದ ಕೊರತೆಯಿಲ್ಲ. ತಿರುವನಂತಪುರದಲ್ಲಿ ಮ್ಯೂಸಿಯಂ ಆವರಣ, ಕನಕಕ್ಕುನ್ನು. ಕೊಚ್ಚಿಯಲ್ಲಿ ಸುಭಾಷ್ ಪಾರ್ಕ್, ಮರೀನ್ ಡ್ರೈವ್. ಆದರೆ ಅರ್ಧ ಗಂಟೆ ಬಿರುಸಾಗಿ ನಡೆದರೂ ಕರಗುವುದು ಸುಮಾರು ನೂರೈವತ್ತು ಕ್ಯಾಲೊರಿ, ವಾಪಸ್ ಬರುವಾಗಿನ ಒಂದು ಪಳಂಪೊರಿ ಅದನ್ನು ನುಂಗಿಬಿಡುತ್ತದೆ. ತೂಕ ಇಳಿಸುವುದು ಮುಖ್ಯವಾಗಿ ತಟ್ಟೆ. ಇಳಿದದ್ದು ಮತ್ತೆ ಏರದಂತೆ ತಡೆಯುವುದು, ಸಕ್ಕರೆ, ಬಿಪಿ ಹತೋಟಿಯಲ್ಲಿಡುವುದು ಕಾಲು. ವಾರಕ್ಕೆ 150 ನಿಮಿಷ ನಡಿಗೆ, ಎರಡು ದಿನ ಭಾರ ಎತ್ತುವ ಕಸರತ್ತು. ಎರಡನೆಯದನ್ನು ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಜಿಮ್ ಬೇಡವೆಂದರೆ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ದಂಡ ಹೊಡೆಯುವುದು ಸಾಕು. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಇಳಿಸಬಾರದು, ಸಕ್ಕರೆ ತೀರಾ ಕುಸಿದೀತು.

ಇಷ್ಟೆಲ್ಲ ಗೊತ್ತಿದ್ದೂ ಮಾಡಲಾಗದ್ದೇಕೆ? ಜೊತೆಗಾರರಿದ್ದರೆ ಆದೀತೇ ಎಂದು ನೋಡಿದ ಒಂದು ಪ್ರಯೋಗ ತಿರುವನಂತಪುರ ಜಿಲ್ಲೆಯಲ್ಲೇ ನಡೆದಿದೆ. ಶ್ರೀ ಚಿತ್ರ ತಿರುನಾಳ್ ಸಂಸ್ಥೆಯ ಸಂಶೋಧಕರು ಆಸ್ಟ್ರೇಲಿಯಾದವರ ಜೊತೆ ಸೇರಿ ನೆಯ್ಯಾಟ್ಟಿಂಕರ ತಾಲ್ಲೂಕಿನ 60 ಮತಗಟ್ಟೆ ಪ್ರದೇಶಗಳಿಂದ, ಮಧುಮೇಹದ ಅಪಾಯವಿದ್ದ 1007 ಮಂದಿಯನ್ನು ಆರಿಸಿದರು. ವಯಸ್ಸು 30ರಿಂದ 60. ಅರ್ಧ ಪ್ರದೇಶಗಳಲ್ಲಿ ಒಂದು ವರ್ಷ ನೆರೆಹೊರೆಯ ಗುಂಪು, 15 ಸಭೆ. ಮುಂದಾಳುಗಳು ಡಾಕ್ಟರಲ್ಲ, ತರಬೇತಿ ಪಡೆದ ಅದೇ ಊರಿನವರು. ಉಳಿದ ಅರ್ಧಕ್ಕೆ ಬರೀ ಒಂದು ಕಿರುಪುಸ್ತಕ.

2018ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ಗುಂಪಿನವರಲ್ಲಿ ಶೇ. 14.9 ಮಂದಿಗೆ, ಪುಸ್ತಕದವರಲ್ಲಿ ಶೇ. 17.1 ಮಂದಿಗೆ ಮಧುಮೇಹ ಬಂದಿತ್ತು. ಸಂಖ್ಯಾಶಾಸ್ತ್ರದ ಕಣ್ಣಿಗೆ ಈ ಅಂತರ ಗೆಲುವಲ್ಲ, ಸಂಶೋಧಕರೂ ಹಾಗೆಂದು ಬರೆದಿದ್ದಾರೆ. ಆದರೆ ಗುಂಪಿನವರು ಹಣ್ಣು ತರಕಾರಿ ಹೆಚ್ಚು ತಿಂದರು, ಕುಡಿತ ತಗ್ಗಿಸಿದರು, ಒಟ್ಟು ಅಪಾಯದ ಅಂಕವೂ ಅವರದ್ದೇ ಚೆನ್ನಾಗಿ ಇಳಿದಿತ್ತು.

ಈಗ ನಿಮ್ಮ ಕೈಯಲ್ಲಿರುವುದೂ ಒಂದು ಕಿರುಪುಸ್ತಕವೇ. ಅದಕ್ಕೇ ಒಂದು ಕೋರಿಕೆ. ದರ್ಜಿಯ ಟೇಪು ತಂದು, ಉಸಿರು ಬಿಟ್ಟು, ನಡುವನ್ನು ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ. ಬಂದ ಅಂಕಿಯನ್ನು ಇವತ್ತಿನ ತಾರೀಖಿನ ಜೊತೆ ಈ ಪುಟದ ಅಂಚಿನಲ್ಲಿ ಬರೆದು, ಪುಸ್ತಕವನ್ನು ಪಕ್ಕದ ಮನೆಯವರಿಗೆ ಕೊಡಿ. ಅವರೂ ತಮ್ಮದನ್ನು ಬರೆಯಲಿ.