ರ‍್ಯಾಂಕ್ ಬಂತು, ಸೀಟು ಎಲ್ಲಿ?

ಸಿಇಟಿ ಫಲಿತಾಂಶ ಬಂದ ದಿನ ತೇರದಾಳದಲ್ಲಿ ಮಗ್ಗದ ಮನೆಯಿರಲಿ, ಕಬ್ಬಿನ ತೋಟದ ವಸತಿಯಿರಲಿ, ಕೇಳುವ ಪ್ರಶ್ನೆ ಒಂದೇ: ‘ಈ ರ‍್ಯಾಂಕಿಗೆ ಬೆಂಗಳೂರಾಗ ಎಂಜಿನಿಯರಿಂಗ್ ಸೀಟ್ ಸಿಗತೈತೇನ್ರಿ ಸರ?’ ಉತ್ತರ ಹೇಳುವವರಿಗೇನೂ ಕೊರತೆಯಿಲ್ಲ. ಅರ್ಜಿ ತುಂಬುವ ಅಂಗಡಿಯ ಹುಡುಗ, ಹೋದ ವರ್ಷ ಸೀಟು ಪಡೆದ ಓಣಿಯ ಅಣ್ಣ, ಹುಬ್ಬಳ್ಳಿಯ ಸೋದರಮಾವ ಎಲ್ಲರೂ ಹೇಳುತ್ತಾರೆ. ಹೇಳುವುದು ಅರ್ಧ ಸತ್ಯ, ಅಷ್ಟೆ.

ಕರ್ನಾಟಕದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ಆಗ ಕೌನ್ಸೆಲಿಂಗ್‌ಗೆ 500 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೇ ಹೋಗಬೇಕಿತ್ತು. ಪ್ರಯಾಸದ ಪ್ರಯಾಣ ನಿಜ, ಆದರೆ ಒಂದು ಅನುಕೂಲವಿತ್ತು. ನಮ್ಮ ಸರದಿ ಬಂದಾಗ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿವೆ ಎಂಬುದು ಕಣ್ಣೆದುರಿಗೇ ಇರುತ್ತಿತ್ತು. ಈಗ ಮನೆಯಲ್ಲೇ ಕುಳಿತು ಆಯ್ಕೆಗಳ ಪಟ್ಟಿ ತುಂಬಬಹುದು. ಆದರೆ ಏನು ಉಳಿದಿದೆ ಎಂಬುದು ಕಾಣುವುದಿಲ್ಲ. ಅಂದಾಜಿನ ಆಟ ಹುಟ್ಟಿದ್ದು ಇಲ್ಲಿಯೇ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ 300 ಅಂಕ ಅರ್ಧ, ಸಿಇಟಿಯ 180 ಅಂಕ ಇನ್ನರ್ಧ. ಲೆಕ್ಕ ಹಾಕಿದರೆ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಪಿಯುಸಿಯಲ್ಲಿ ತೊಂಬತ್ತು ದಾಟಿದವರು ರ‍್ಯಾಂಕಿನಲ್ಲಿ ಹಿಂದೆ ಬಿದ್ದರೆ ಕಾರಣ ಇದೇ. (ವೈದ್ಯಕೀಯದ ಮಾತು ಬೇರೆ, ಅದಕ್ಕೆ ನೀಟ್ ಇದೆ.)

ರ‍್ಯಾಂಕ್ ಕೈಗೆ ಬಂದ ಮೇಲೆ ಹೋದ ವರ್ಷದ ಕಟ್‌ಆಫ್ ಪಟ್ಟಿ ನೋಡುವುದು ಸರಿಯೇ. ಆದರೆ ಎಲ್ಲರ ಕಣ್ಣೂ ‘ಜಿಎಂ’ ಎಂಬ ಸಾಮಾನ್ಯ ವರ್ಗದ ಅಂಕಣಕ್ಕೇ ಹೋಗುತ್ತದೆ. ನಿಮ್ಮ ಮಗ 2ಎ ವರ್ಗದವನು, ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಎಂದಿಟ್ಟುಕೊಳ್ಳಿ. ಅವನು ಜಿಎಂ, ಜಿಎಂಕೆ, 2ಎಜಿ, 2ಎಕೆ ಈ ನಾಲ್ಕೂ ಅಂಕಣ ನೋಡಬೇಕು. ‘ಕೆ’ ಎಂದರೆ ಕನ್ನಡ ಮಾಧ್ಯಮ, ‘ಆರ್’ ಎಂದರೆ ಗ್ರಾಮೀಣ. ಸಾಮಾನ್ಯವಾಗಿ ಈ ಅಂಕಣಗಳಲ್ಲಿ ಸೀಟು ಇನ್ನಷ್ಟು ಹಿಂದಿನ ರ‍್ಯಾಂಕಿನವರಿಗೂ ಸಿಕ್ಕಿರುತ್ತದೆ.

ಗ್ರಾಮೀಣದ ವಿಷಯದಲ್ಲಿ ನಮ್ಮ ಭಾಗದವರು ಎಡವುವುದುಂಟು. ತೇರದಾಳ ಪುರಸಭೆಯ ಊರು. ಊರೊಳಗಿನ ಶಾಲೆಯಲ್ಲಿ ಓದಿದವರಿಗೆ ಈ ಮೀಸಲಾತಿ ಇಲ್ಲ, ಮನೆ ತೋಟದಲ್ಲಿದ್ದರೂ ಇಲ್ಲ. ಪಕ್ಕದ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಗಳಲ್ಲಿ ಹತ್ತೂ ವರ್ಷ ಓದಿದವರಿಗೆ ಉಂಟು. ನೋಡುವುದು ಶಾಲೆ ಎಲ್ಲಿತ್ತು ಎಂಬುದನ್ನು, ಮನೆ ಎಲ್ಲಿದೆ ಎಂಬುದನ್ನಲ್ಲ.

ಇಷ್ಟೆಲ್ಲ ನೋಡಿದ ಮೇಲೂ ದೊಡ್ಡ ತಪ್ಪು ನಡೆಯುವುದು ಪಟ್ಟಿ ಬರೆಯುವಾಗ. ‘ಬೆಂಗಳೂರು ಮೊದಲು ಹಾಕಿದ್ರ ಇಲ್ಲಿಂದೂ ಹೋದೀತು’ ಎಂಬ ಅಂಜಿಕೆಯಿಂದ ಹತ್ತಿರದ ಕಾಲೇಜನ್ನೇ ಮೊದಲ ಆಯ್ಕೆಯಾಗಿ ಬರೆಯುತ್ತಾರೆ. ಹೆಣ್ಣುಮಕ್ಕಳ ಪಟ್ಟಿಯಲ್ಲಂತೂ ಬಾಗಲಕೋಟೆ, ಬೆಳಗಾವಿ ದಾಟುವುದೇ ಅಪರೂಪ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು, ಅಲ್ಲಿ ಓದುವುದರಲ್ಲಿ ಯಾವ ಸಂಕೋಚವೂ ಬೇಡ. ಆದರೆ ಹುಡುಗಿಯ ಮನಸ್ಸು ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಯುವಿಸಿಇ ಮೇಲಿದ್ದರೆ ಅದನ್ನೇ ಮೊದಲು ಬರೆಯಬೇಕು.

ಏಕೆಂದರೆ ಕಂಪ್ಯೂಟರು ರ‍್ಯಾಂಕಿನ ಸರದಿಯಂತೆ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬರುತ್ತದೆ. ಮೊದಲ ಆಯ್ಕೆಯಲ್ಲಿ ಸೀಟಿಲ್ಲವೆ? ಎರಡನೆಯದು. ಅಲ್ಲೂ ಇಲ್ಲವೆ? ಮೂರನೆಯದು. ಸಿಗದ ಕಾಲೇಜನ್ನು ಮೇಲೆ ಬರೆದದ್ದಕ್ಕೆ ಕೆಳಗಿನದು ತಪ್ಪುವುದಿಲ್ಲ. ಬಾಗಲಕೋಟೆಯನ್ನು ಮೇಲೆ ಬರೆದು ಅದೇ ಸಿಕ್ಕರೆ ಮಾತ್ರ ಕೆಳಗಿನ ಯುವಿಸಿಇಯನ್ನು ಅದು ತಿರುಗಿಯೂ ನೋಡುವುದಿಲ್ಲ, ಅಲ್ಲಿ ಸೀಟು ಸಿಗುವಂತಿದ್ದರೂ ಸಹ. ಅಂಜಿಕೆಗೆ ತೆರುವ ಬೆಲೆ ಇದು.

ನಿಜವಾದ ಹಂಚಿಕೆಗೆ ಮೊದಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅಣಕು ಹಂಚಿಕೆ ನಡೆಸುತ್ತದೆ. ಅದರಲ್ಲಿ ಬಂದ ಸೀಟು ಖಾತ್ರಿಯಲ್ಲ, ಆದರೆ ಓಣಿಯ ಅಣ್ಣನ ಅಂದಾಜಿಗಿಂತ ನಂಬಬಹುದಾದದ್ದು. ಅದನ್ನು ನೋಡಿಕೊಂಡು ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ. ಆಮೇಲೆ ಸಿಕ್ಕ ಸೀಟು ಒಪ್ಪಿಗೆಯಾದರೆ ‘ಚಾಯ್ಸ್ 1’. ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದಾದರೆ ‘ಚಾಯ್ಸ್ 2’. ಮೇಲಿನದು ಸಿಕ್ಕ ಕ್ಷಣ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಕೇಳಿದರೆ ಬಾರದು.

ಶುಲ್ಕದ ಚಿಂತೆಯಿರುವವರು ಇನ್ನೊಂದನ್ನು ತಿಳಿದಿರಲಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕವಿಲ್ಲದ ಸೂಪರ್‌ನ್ಯೂಮರರಿ ಸೀಟುಗಳುಂಟು.

ಈ ಎಲ್ಲ ಅಂಕಣಗಳೂ ನಿಂತಿರುವುದು ಕಾಗದಪತ್ರದ ಮೇಲೆ. ಜಾತಿ, ಆದಾಯಕ್ಕೆ ತಹಶೀಲ್ದಾರರ ಪ್ರಮಾಣಪತ್ರ. ಕನ್ನಡ ಮಾಧ್ಯಮ, ಗ್ರಾಮೀಣ ವ್ಯಾಸಂಗಕ್ಕೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರದು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ. ಪ್ರಾಥಮಿಕ ಶಾಲೆ ಒಂದೆಡೆ, ಹೈಸ್ಕೂಲು ಇನ್ನೊಂದೆಡೆಯಾದರೆ ಎರಡೂ ಕಡೆಯದು ಬೇಕು. ಏಪ್ರಿಲ್ ಎರಡನೆಯ ವಾರಕ್ಕೆ ಬೇಸಿಗೆ ರಜೆ ಶುರುವಾಗಿ ಶಾಲೆಗಳಿಗೆ ಬೀಗ ಬೀಳುತ್ತದೆ. ಅದಕ್ಕೂ ಮೊದಲೇ ಹೋಗಿ ಬರೆಸಿಕೊಂಡು ಬರುವುದು ಒಳ್ಳೆಯದು.